ಎಡಗಡೆಯ ಜೆಟ್

ವಾದಿ, ಅವತ್ತು ಮದ್ರಾಸಿನಲ್ಲಿ ನೀನು ಎಣ್ಣೆ ಸರಿಯಾಗಿಯೇ ಬೆರೆಸಿದ್ದೆ. ನಿನ್ನ ಗಾಡಿ ಜಾಮ್ ಆದದ್ದು ನನ್ನ ತಪ್ಪಿನಿಂದ. ಅದು ನನಗೆ ಅವತ್ತೇ ಗೊತ್ತಿತ್ತು — ನೀನು ಬೀಳುವುದಕ್ಕೆ ಮೊದಲೇ ಗೊತ್ತಿತ್ತು.

ಮೊದಲ ಸಾಲಿನಲ್ಲೇ ಹೇಳಿಬಿಟ್ಟೆ, ಯಾಕೆಂದರೆ ಸುತ್ತಿ ಬಳಸಿ ಶುರುಮಾಡಿದರೆ ನಡುವೆ ಎಲ್ಲಾದರೂ ನುಣುಚಿಕೊಳ್ಳುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು. ಈ ಹನ್ನೊಂದು ವರ್ಷದಲ್ಲಿ ಎಷ್ಟು ಸಲ ನಿನ್ನೆದುರು ಬಾಯಿ ತೆರೆದು, ಕೊನೆಗೆ ‘ಕಾಫಿ ಕುಡಿಯೋಣ್ವಾ’ ಎಂದು ಮುಗಿಸಿದ್ದೇನೋ ಲೆಕ್ಕವಿಲ್ಲ. ನಾನೊಬ್ಬ ಕಾಫಿ ಹುಚ್ಚಿನವನು ಎಂದು ನೀನು ನಂಬಿರಬೇಕು. ಅದಕ್ಕೇ ಬರೆಯುತ್ತಿದ್ದೇನೆ. ಮಧ್ಯಾಹ್ನದ ಹೊತ್ತು, ಶೆಡ್ಡಿನ ಬಾಗಿಲು ಅರ್ಧ ಎಳೆದುಕೊಂಡು, ಬೆಂಚಿನ ಮೇಲಿನ ಸ್ಪ್ಯಾನರುಗಳನ್ನು ಪಕ್ಕಕ್ಕೆ ಸರಿಸಿ ಕೂತಿದ್ದೇನೆ. ನಿನ್ನ ಗಾಡಿ ನನ್ನ ಬೆನ್ನ ಹಿಂದೆಯೇ ನಿಂತಿದೆ.

ಇದನ್ನು ಸುಧಾ ಕೂಡ ಓದಬೇಕು. ನಿನಗೆ ಬಾಯಿಪಾಠವಾಗಿರುವ ಸಂಗತಿಗಳನ್ನೂ ಬಿಡಿಸಿ ಬರೆಯುತ್ತಿರುವುದು ಅವರಿಗಾಗಿ. ನೀನು ಬಿದ್ದಾಗ ನಿಮ್ಮ ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ನಿನ್ನ ಜೊತೆ ಅವರೂ ಇದನ್ನು ಹೊತ್ತಿದ್ದಾರೆ. ತಾವು ಹೊತ್ತದ್ದು ಏನನ್ನು ಎಂದು ತಿಳಿದುಕೊಳ್ಳುವ ಹಕ್ಕು ಅವರಿಗಿದೆ.

ಸುಧಾ, ‘ಈ ಗಾಡೀಲಿ ಅಂಥದ್ದೇನಿದೆ ಚಂದ್ರು, ಇವ್ರು ನನ್ನನ್ನ ನೋಡಿದ್ದಕ್ಕಿಂತ ಜಾಸ್ತಿ ಅದನ್ನ ನೋಡ್ತಾರೆ’ ಎಂದು ಹೊಸದರಲ್ಲಿ ನೀವು ನನ್ನನ್ನು ಕೇಳಿದ್ದಿರಿ. ಆಗ ತಮಾಷೆ ಮಾಡಿ ತಪ್ಪಿಸಿಕೊಂಡಿದ್ದೆ. ಈಗ ಹೇಳುತ್ತೇನೆ. ಅದು ಆರ್‌ಡಿ 350, ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಬೈಕು. ಬನಶಂಕರಿಯಲ್ಲಿ ಒಬ್ಬರ ಮನೆಯ ಕಾಂಪೌಂಡಿನಲ್ಲಿ ತುಕ್ಕು ಹಿಡಿಯುತ್ತಿದ್ದುದನ್ನು ವಾದಿ ಕೊಂಡು ತಂದ. ಇಬ್ಬರೂ ಸೇರಿ ಎರಡು ವರ್ಷ ಕೂತು ಅದನ್ನು ರೇಸಿನ ಗಾಡಿ ಮಾಡಿದೆವು. ನಿಧಾನಕ್ಕೆ ಓಡಿಸಿದರೆ ಅದು ಏನೂ ಅಲ್ಲ — ಗೊಣಗುತ್ತದೆ, ಕೆಮ್ಮುತ್ತದೆ, ಹೊಗೆ ಕಾರುತ್ತದೆ. ಒಂದು ಹಂತ ದಾಟಲಿ, ಇದ್ದಕ್ಕಿದ್ದಂತೆ ಅದರ ದನಿಯೇ ಬದಲಾಗುತ್ತದೆ. ಬೆನ್ನಿಗೆ ಯಾರೋ ಕೈಯಿಟ್ಟು ನೂಕಿದ ಹಾಗಾಗುತ್ತದೆ. ಆ ಒಂದು ಗಳಿಗೆಗಾಗಿಯೇ ಜನ ಹುಚ್ಚರಾಗುವುದು. ಆಮೇಲೆ ಆ ವಾಸನೆ. ರೇಸಿಗೆ ಹರಳೆಣ್ಣೆ ಬೆರೆತ ಆಯಿಲ್ ಹಾಕುತ್ತಿದ್ದೆವು. ಹೊಗೆ ಮೂಗಿಗೆ ಬಡಿದರೆ ನನಗೆ ದೀಪಾವಳಿಯ ಎಣ್ಣೆಸ್ನಾನದ ಬಚ್ಚಲುಮನೆ ನೆನಪಾಗುತ್ತಿತ್ತು. ಇಂದಿಗೂ ಜಯನಗರದ ಸಿಗ್ನಲ್ಲಿನಲ್ಲಿ ಒಂದು ಹಳೆಯ ಟೂ-ಸ್ಟ್ರೋಕ್ ನಿಂತರೆ ಕಾರಿನಲ್ಲಿ ಕೂತ ಬೋಳುತಲೆಯವರು ಗಾಜು ಇಳಿಸಿ ಉಸಿರೆಳೆದುಕೊಳ್ಳುತ್ತಾರೆ. ಅವರೆಲ್ಲ ಒಂದು ಕಾಲದಲ್ಲಿ ನಮ್ಮ ಹಾಗೇ ಇದ್ದವರು.

ಇನ್ನೂ ಒಂದು ಕಾರಣವಿದೆ. ಆ ಇಂಜಿನ್ನಿನಲ್ಲಿ ಮುಚ್ಚುಮರೆ ಇಲ್ಲ. ಒಳಗೆ ಓಡಾಡುವ ಭಾಗಗಳು ಬೆರಳೆಣಿಕೆಯಷ್ಟು. ಬಿಚ್ಚಿಟ್ಟರೆ ತಪ್ಪು ಎಲ್ಲಿದೆ ಎಂದು ಅದೇ ತೋರಿಸಿಕೊಡುತ್ತದೆ. ಅಂಥ ಇಂಜಿನ್ನಿನ ಪಕ್ಕದಲ್ಲಿ ಕೂತು ನಾನು ಬದುಕಿದ ಬದುಕು — ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ರೇಸಿನ ಗುಂಪಿನಲ್ಲಿ ಒಂದು ಕಟ್ಟುಪಾಡಿತ್ತು. ಎಣ್ಣೆ ಓಡಿಸುವವನದು, ಜೆಟ್ ಮೆಕ್ಯಾನಿಕ್ಕಿನದು. ರೇಸಿನ ಗಾಡಿಗೆ ಎಣ್ಣೆಯ ಪಂಪು ತೆಗೆದುಹಾಕಿ, ಪೆಟ್ರೋಲಿಗೇ ಎಣ್ಣೆ ಬೆರೆಸಿ ಟ್ಯಾಂಕಿಗೆ ಸುರಿಯುತ್ತಿದ್ದೆವು. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ, ಓಡುತ್ತಿರುವಾಗಲೇ ಹಿಂದಿನ ಚಕ್ರ ನಿಂತುಬಿಡುತ್ತದೆ. ಪ್ರಾಣ ಓಡಿಸುವವನದಾದ್ದರಿಂದ ಅಳತೆಯೂ ಅವನದೇ, ಇನ್ನೊಬ್ಬರು ಆ ಕ್ಯಾನು ಮುಟ್ಟಕೂಡದು. ವಾದಿಗೆ ಅದು ಹೇಳಿ ಮಾಡಿಸಿದ ಕೆಲಸ. ಅವನು ಫಾರ್ಮಸಿ ಓದಿದವನು, ನಾಲ್ಕನೇ ಬ್ಲಾಕಿನ ತಂದೆಯ ಮೆಡಿಕಲ್ ಶಾಪಿನಲ್ಲಿ ಔಷಧಿ ಕೊಡುತ್ತಿದ್ದವನು. ಎಣ್ಣೆ ಅಳೆಯಲು ಅಂಗಡಿಯಿಂದ ಗೆರೆ ಹಾಕಿದ ಗಾಜಿನ ಅಳತೆಪಾತ್ರೆಯನ್ನೇ ತರುತ್ತಿದ್ದ. ನೆಲಕ್ಕೆ ಮಂಡಿಯೂರಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ನೋಡುತ್ತಿದ್ದ. ಉಳಿದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಜೆಟ್ ನನ್ನದು. ಕಾರ್ಬೊರೇಟರಿನೊಳಗೆ ಕೂರುವ ಹಿತ್ತಾಳೆಯ ಚಿಕ್ಕ ತುಂಡು ಅದು, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು, ನಡುವೆ ಒಂದು ತೂತು. ಆ ತೂತಿನ ಮೂಲಕವೇ ಇಂಜಿನ್ನಿಗೆ ಪೆಟ್ರೋಲು ಹೋಗುವುದು. ತೂತು ಎಷ್ಟು ದೊಡ್ಡದು ಎಂಬ ಅಂಕಿಯನ್ನು ಅದರ ಮೇಲೇ ಒತ್ತಿರುತ್ತಾರೆ. ನಮ್ಮ ಬೆಂಗಳೂರು ಎತ್ತರದಲ್ಲಿದೆ, ಗಾಳಿ ತೆಳು. ಇಲ್ಲಿಗೆ ನೂರ ಎಂಬತ್ತರ ಜೆಟ್ ಸಾಕು. ಮದ್ರಾಸಿನಲ್ಲಿ ಗಾಳಿ ದಟ್ಟ. ಅಲ್ಲಿಗೆ ಹೋದರೆ ನೂರ ತೊಂಬತ್ತು ಹಾಕಲೇಬೇಕು. ಇಲ್ಲದಿದ್ದರೆ ಪೆಟ್ರೋಲು ಸಾಲದೆ ಇಂಜಿನ್ ಒಳಗೊಳಗೇ ಕಾದು, ಪಿಸ್ಟನ್ ಉಬ್ಬಿ ಕಚ್ಚಿಕೊಳ್ಳುತ್ತದೆ. ಪೆಟ್ರೋಲಿನ ಜೊತೆಗೇ ಎಣ್ಣೆಯೂ ಬರಬೇಕಲ್ಲ, ಅದೂ ಕಡಿಮೆಯಾಗುತ್ತದೆ. ಘಟ್ಟ ಇಳಿದ ಬೆಂಗಳೂರಿನ ಮೆಕ್ಯಾನಿಕ್ ಮೊದಲು ಮಾಡಬೇಕಾದ ಕೆಲಸ ಇದೇ. ಎರಡು ಸಿಲಿಂಡರು, ಎರಡು ಕಾರ್ಬೊರೇಟರು, ಎರಡು ಜೆಟ್ಟು. ಇಷ್ಟೇ.

ಅವತ್ತು ಬೆಳಿಗ್ಗೆ ಟ್ರ್ಯಾಕಿನ ಪಕ್ಕದ ಶಾಮಿಯಾನದ ಕೆಳಗೆ ಬಲಗಡೆಯದನ್ನು ಬದಲಾಯಿಸಿದೆ. ಎಡಗಡೆಯ ಕಾರ್ಬೊರೇಟರಿನ ತಳ ಬಿಚ್ಚಿದೆ. ಹೊಸ ಜೆಟ್ಟನ್ನು ಕೈಗೆ ತೆಗೆದುಕೊಂಡಿದ್ದೆ — ಆಗ ಪಕ್ಕದ ಗುಂಪಿನವನೊಬ್ಬ ಕೂಗಿದ. ‘ಚಂದ್ರಣ್ಣ, ಒಂದ್ನಿಮ್ಷ ಬಾರಣ್ಣ, ನಮ್ ಗಾಡಿ ಸೌಂಡ್ ಕೇಳ್ಬಿಟ್ಟು ಹೇಳು.’ ಆ ದಿನಗಳಲ್ಲಿ ನನಗೆ ಒಂದು ಹೆಸರಿತ್ತು, ವಾದಿ, ನಿನಗೆ ನೆನಪಿರಬೇಕು. ಚಂದ್ರು ಕಿವಿಯಲ್ಲೇ ಜೆಟ್ ಹೇಳ್ತಾನೆ ಅನ್ನುತ್ತಿದ್ದರು. ಜೆಟ್ಟನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಎದ್ದೆ. ಅಲ್ಲಿ ನಾಲ್ಕು ಜನ ಸುತ್ತ ನಿಂತರು. ತಲೆ ಓರೆ ಮಾಡಿ, ಕಣ್ಣು ಮುಚ್ಚಿ, ದೊಡ್ಡ ಸಂಗೀತಗಾರನ ಹಾಗೆ ಕೇಳಿ ತೀರ್ಪು ಕೊಟ್ಟೆ. ಅವರು ಹೊಗಳಿದರು. ಉಬ್ಬಿಕೊಂಡು ವಾಪಸು ಬಂದೆ, ಕಾರ್ಬೊರೇಟರಿನ ತಳ ಮುಚ್ಚಿ ಸ್ಕ್ರೂ ಬಿಗಿ ಮಾಡಿದೆ. ಎಡಗಡೆಯಲ್ಲಿ ಬೆಂಗಳೂರಿನ ಜೆಟ್ಟೇ ಉಳಿಯಿತು.

ಇಲ್ಲಿಯವರೆಗಿನದು ಮರೆವು. ಯಾರಿಗಾದರೂ ಆಗಬಹುದು. ಇದಿಷ್ಟೇ ಆಗಿದ್ದರೆ ಈ ಕಾಗದ ಹನ್ನೊಂದು ವರ್ಷದ ಹಿಂದೆಯೇ ಬಾಯಿಮಾತಿನಲ್ಲಿ ಮುಗಿಯುತ್ತಿತ್ತು.

ನೀನು ಹೆಲ್ಮೆಟ್ ಹಾಕಿಕೊಳ್ಳುತ್ತ ಕೇಳಿದೆ, ‘ಒಂದ್ ರೌಂಡ್ ಓಡ್ಸಿ ಪ್ಲಗ್ ನೋಡ್ಬಿಡೋಣ್ವಾ?’ ಸ್ಪಾರ್ಕ್ ಪ್ಲಗ್ಗಿನ ಬಣ್ಣ ಕಾಫಿಯ ಹಾಗಿದ್ದರೆ ಸರಿ, ಬೆಳ್ಳಗಿದ್ದರೆ ಪೆಟ್ರೋಲು ಸಾಲದು. ಎಲ್ಲರೂ ಮಾಡುವ ಪರೀಕ್ಷೆ. ಪಕ್ಕದ ಗುಂಪಿನವರು ಅಲ್ಲೇ ನಿಂತಿದ್ದರು. ನಾನು ಅವರಿಗೂ ಕೇಳಲಿ ಎಂದು ಜೋರಾಗಿಯೇ ಹೇಳಿದೆ — ‘ನಾನು ಕೂಡಿಸಿದ ಮೇಲೂ ಪ್ಲಗ್ ನೋಡ್ಬೇಕಾ? ನಿನ್ ಎಣ್ಣೆ ನೀನ್ ನೋಡ್ಕೋ ಮಗಾ, ಸಾಕು.’ ಅವರು ನಕ್ಕರು. ನೀನೂ ನಕ್ಕು, ತಲೆಯಾಡಿಸಿ ಹೊರಟೆ.

ನೀನು ಹೋಗಿ ಸಾಲಿನಲ್ಲಿ ನಿಂತೆ. ನನ್ನಿಂದ ಮೂವತ್ತು ಹೆಜ್ಜೆ ದೂರ. ಬೆವರು ಒರೆಸಿಕೊಳ್ಳಲು ಕರ್ಚೀಫು ತೆಗೆಯೋಣ ಎಂದು ಜೇಬಿಗೆ ಕೈ ಹಾಕಿದೆ. ಬೆರಳಿಗೆ ಜೆಟ್ ಸಿಕ್ಕಿತು.

ಅದು ಏನೆಂದು ಬೆರಳಿಗೆ ತಿಳಿಯಿತು. ಎಲ್ಲಿರಬೇಕಾಗಿತ್ತು ಎಂಬುದೂ ತಿಳಿಯಿತು. ವಾದಿ, ಸಮಯವಿತ್ತು. ಬಾವುಟ ಇನ್ನೂ ಕೆಳಗೇ ಇತ್ತು, ಒಂದು ಗಾಡಿ ಸ್ಟಾರ್ಟ್ ಆಗದೆ ಎಲ್ಲರೂ ಕಾಯುತ್ತಿದ್ದರು. ಓಡಿಹೋಗಿ ನಿನ್ನ ಭುಜ ಮುಟ್ಟಿದ್ದರೆ ಆಗುತ್ತಿತ್ತು. ಕೈಯೆತ್ತಿ ಬೀಸಿದ್ದರೂ ಆಗುತ್ತಿತ್ತು, ನೀನು ಒಮ್ಮೆ ಹಿಂತಿರುಗಿ ನನ್ನತ್ತ ನೋಡಿದೆ. ನಾನು ಹೆಬ್ಬೆಟ್ಟು ಎತ್ತಿ ತೋರಿಸಿದೆ. ಯಾಕೆ ಹಾಗೆ ಮಾಡಿದೆ ಎಂದರೆ — ಹತ್ತು ನಿಮಿಷದ ಹಿಂದೆ ಅಷ್ಟು ಜನರೆದುರು ಆಡಿದ ಮಾತನ್ನು ಅಷ್ಟೇ ಜನರೆದುರು ನುಂಗಬೇಕಾಗಿತ್ತು. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ. ಎಂಟು ಸುತ್ತು ತಾನೆ, ತಡೆದುಕೊಳ್ಳುತ್ತೆ ಎಂದು ನನಗೆ ನಾನೇ ಹೇಳಿಕೊಂಡೆ. ತಡೆಯುವುದಿಲ್ಲ ಎಂಬುದು ನನ್ನ ಕಿವಿಗೆ ಗೊತ್ತಿತ್ತು.

ಮೂರು ಸುತ್ತು ನೀನು ಎರಡನೆಯವನಾಗಿದ್ದೆ. ನಾಲ್ಕನೆಯದರಲ್ಲಿ, ಟ್ರ್ಯಾಕಿನ ಉದ್ದನೆಯ ನೇರ ದಾರಿಯ ಕೊನೆಯಲ್ಲಿ, ಆ ದನಿ ಅರ್ಧಕ್ಕೆ ಕತ್ತರಿಸಿಹೋಯಿತು. ನೀನು ಯಾವಾಗಲೂ ಎರಡು ಬೆರಳನ್ನು ಕ್ಲಚ್ಚಿನ ಮೇಲೆ ಇಟ್ಟುಕೊಂಡೇ ಓಡಿಸುವವನು, ಚಕ್ರವನ್ನು ಇಂಜಿನ್ನಿನಿಂದ ಬಿಡಿಸಲು ಹಿಡಿದೆ ಕೂಡ. ಆದರೆ ಚಕ್ರ ಅಷ್ಟರಲ್ಲಿ ಅಡ್ಡ ತಿರುಗಿತ್ತು.

ಎಡ ಮಂಡಿ ಪುಡಿಯಾಯಿತು. ಆಸ್ಪತ್ರೆಯಲ್ಲಿ ಎಚ್ಚರವಾದಾಗ ನೀನು ನೋವು ಎನ್ನಲಿಲ್ಲ. ‘ಚಂದ್ರು, ಎಣ್ಣೆ ಕಮ್ಮಿ ಹಾಕ್ಬಿಟ್ನೇನೋ?’ ಎಂದೆ. ನಾನು, ‘ಇರ್ಬೋದು ಮಗಾ’ ಎಂದೆ.

ಆ ಎರಡು ಮಾತು. ಅದಾದ ಮೇಲೆ ನೀನು, ‘ಎರಡೂ ಕಡೆ ಹಿಡ್ಕೊಂಡಿದ್ಯಾ?’ ಎಂದು ಕೇಳಿದೆ. ಆಗಲೂ ನಿನ್ನ ತಲೆ ಸರಿಯಾಗಿಯೇ ಓಡುತ್ತಿತ್ತು ನೋಡು. ‘ಎಡಗಡೆ ಒಂದೇ. ಅದು ಯಾವಾಗ್ಲೂ ಬಿಸಿ ಜಾಸ್ತಿ, ಎಣ್ಣೆ ಕಮ್ಮಿಯಾದ್ರೆ ಮೊದ್ಲು ಅದೇ ಹೋಗೋದು’ ಎಂದೆ ನಾನು. ಅಂಥ ನಿಯಮ ಯಾವುದೂ ಇಲ್ಲ. ಆ ಕ್ಷಣದಲ್ಲಿ ಹುಟ್ಟಿಸಿದ್ದು. ಜೆಟ್ಟಿನ ವಿಷಯದಲ್ಲಿ ನಾನು ಹೇಳಿದ್ದೇ ವೇದ ಎಂದು ತಿಳಿದಿದ್ದ ನೀನು ಇದನ್ನೂ ನಂಬಿದೆ.

ನೀನು ಬೆರೆಸಿದ್ದ ಪೆಟ್ರೋಲು ಕ್ಯಾನಿನಲ್ಲಿ ಅರ್ಧ ಉಳಿದಿತ್ತು. ಅದನ್ನು ಬೆಂಗಳೂರಿಗೆ ತಂದು ನನ್ನ ಸ್ವಂತ ಗಾಡಿಗೆ ಹಾಕಿದೆ. ಅದೂ ಟೂ-ಸ್ಟ್ರೋಕ್ ತಾನೆ. ಯಡಿಯೂರಿನಿಂದ ಜೆ.ಪಿ. ನಗರಕ್ಕೆ, ಜೆ.ಪಿ. ನಗರದಿಂದ ಬನಶಂಕರಿಗೆ, ಒಂದು ವಾರ ಬೇಕೆಂದೇ ಹಿಂಡಿ ಹಿಂಡಿ ಓಡಿಸಿದೆ. ಎಲ್ಲಾದರೂ ಕಚ್ಚಿಕೊಳ್ಳಲಿ, ನಿನ್ನದೂ ಸ್ವಲ್ಪ ತಪ್ಪಿರಲಿ ಎಂದು ಬೇಡಿಕೊಂಡೆ. ನೀರಿನ ಹಾಗೆ ಓಡಿತು. ನಿನ್ನ ಅಳತೆಯಲ್ಲಿ ಒಂದು ಹನಿಯೂ ಹೆಚ್ಚುಕಡಿಮೆ ಇರಲಿಲ್ಲ. ನಿನ್ನ ಪರವಾದ ಸಾಕ್ಷಿಯನ್ನು ನಾನೇ ಸುಟ್ಟು, ಹೊಗೆ ಮಾಡಿ, ಊರ ತುಂಬ ಬಿಟ್ಟುಬಂದೆ.

ಕಾಲು ಕೂಡಿಕೊಂಡಿತು, ಕುಂಟು ಉಳಿಯಿತು. ಅದನ್ನು ನೀನು ನಗುತ್ತಲೇ ಒಪ್ಪಿಕೊಂಡೆ. ನಾನು ಎಣಿಸದೇ ಇದ್ದುದು ಇನ್ನೊಂದು. ನಿನ್ನ ಕೈಗೆ ಏನೂ ಆಗಿರಲಿಲ್ಲ. ಆದರೂ ನೀನು ಅಂಗಡಿಗೆ ಮರಳಿದ ಮೇಲೆ ಔಷಧಿಯ ಕೌಂಟರಿಗೆ ಹೋಗಲಿಲ್ಲ. ಅಲ್ಲಿಗೆ ಬೇರೊಬ್ಬ ಫಾರ್ಮಸಿಸ್ಟನ್ನು ಇಟ್ಟು, ಹಿಂದಿನ ಕೋಣೆಯಲ್ಲಿ ಪೆಟ್ಟಿಗೆ ಜೋಡಿಸುತ್ತ ಕೂತೆ. ಕೇಳಿದಾಗ, ‘ಸ್ವಂತ ಪ್ರಾಣಕ್ಕೇ ಅಳತೆ ತಪ್ಪಿದೋನು ಕಣೋ ನಾನು, ಇನ್ನೊಬ್ರ ಮಗೂಗೆ ಹೆಂಗ್ ಕೊಡ್ಲಿ’ ಎಂದೆ. ನಿಮ್ಮಪ್ಪ ಸಿಟ್ಟಾದರು, ಬೇಡಿಕೊಂಡರು, ಆಮೇಲೆ ಸುಮ್ಮನಾದರು. ನೀನು ಜಗ್ಗಲಿಲ್ಲ.

ಒಂದು ಸಲ ಸುಧಾ ತವರಿಗೆ ಹೋಗಿದ್ದಾಗ ನಿನ್ನ ಮಗಳಿಗೆ ಜ್ವರ ಬಂತು. ಒಂದು ಚಮಚ ಸಿರಪ್ ಹಾಕಬೇಕಿತ್ತು. ನೀನು — ಫಾರ್ಮಸಿ ಓದಿದವನು — ಪಕ್ಕದ ಮನೆಯ ಆಂಟಿಯ ಬಾಗಿಲು ತಟ್ಟಿ, ‘ಆಂಟಿ, ಸ್ವಲ್ಪ ಅಳ್ದು ಕೊಡ್ತೀರಾ’ ಎಂದು ಬಾಟಲಿ ಚಾಚಿದೆಯಂತೆ. ಸುಧಾ ಇದನ್ನು ನನಗೆ ನಗುತ್ತ ಹೇಳಿದರು, ಹೇಳುತ್ತ ಹೇಳುತ್ತ ಅತ್ತುಬಿಟ್ಟರು. ‘ನಿಮ್ ಮಾತಾದ್ರೂ ಕೇಳ್ತಾರೇನೋ, ಒಂದ್ಸಲ ಹೇಳಿ ಚಂದ್ರು’ ಎಂದರು. ಅವರೆದುರು ನಾನು ತಲೆಯಾಡಿಸಿದೆ. ಕೈಯಲ್ಲಿ ಅವರೇ ಕೊಟ್ಟ ಕಾಫಿ ಲೋಟ ಇತ್ತು. ಹೇಳುವುದು ಒಂದೇ ಸಾಲು, ಅದನ್ನು ಹೇಳದೆ ಕಾಫಿ ಕುಡಿದು ಎದ್ದು ಬಂದೆ.

ಗಾಡಿಯನ್ನು ಮನೆಯಲ್ಲಿಟ್ಟುಕೊಳ್ಳಲು ನಿನಗೆ ಮನಸ್ಸಾಗಲಿಲ್ಲ, ಮಾರಲೂ ಮನಸ್ಸಾಗಲಿಲ್ಲ. ‘ನಿನ್ ಹತ್ರಾನೇ ಇರ್ಲಿ. ನಾನ್ ಹೇಳೋ ತನ್ಕ ಬಿಚ್ಬೇಡ’ ಎಂದೆ. ಶೆಡ್ಡಿನ ಹಿಂದಿನ ಗೋಡೆಗೆ ಅಡ್ಡಲಾಗಿ ಟಾರ್ಪಾಲು ಹೊದಿಸಿ ನಿಲ್ಲಿಸಿದೆವು. ಕೈ ತೊಳೆಯುವ ನಲ್ಲಿ ಅದರಾಚೆ ಇದೆ. ದಿನಕ್ಕೆ ಹತ್ತು ಸಲ ಗೋಡೆಗೆ ಅಂಟಿಕೊಂಡು ಅದನ್ನು ದಾಟಿ ಹೋಗಬೇಕು. ಟಾರ್ಪಾಲಿನ ಕೆಳಗೆ, ಎಡಗಡೆಯ ಕಾರ್ಬೊರೇಟರಿನ ಒಳಗೆ, ನೂರ ಎಂಬತ್ತರ ಜೆಟ್ ಕೂತಿತ್ತು. ಅದು ಅಲ್ಲಿದೆ ಎಂದು ಈ ಲೋಕದಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ಹದಿನೈದು ನಿಮಿಷದ ಕೆಲಸ, ಬದಲಾಯಿಸಿಬಿಡಬಹುದಿತ್ತು. ಯಾಕೆ ಬದಲಾಯಿಸಲಿಲ್ಲವೋ. ನಿನಗೆ ಕೊಟ್ಟ ಮಾತು ಎಂದುಕೊಳ್ಳುತ್ತಿದ್ದೆ — ದೊಡ್ಡದನ್ನೆಲ್ಲ ಮುರಿದು ಸಣ್ಣದೊಂದನ್ನು ಉಳಿಸಿಕೊಳ್ಳುವವನ ನಿಯತ್ತು. ಒಳಗಿನ ಮಾತು ಬೇರೆ. ಯಾರಾದರೂ ಒಂದು ದಿನ ಬಿಚ್ಚಿ ನೋಡಲಿ, ನನ್ನನ್ನು ಹಿಡಿಯಲಿ ಎಂದು ಕಾಯುತ್ತಿದ್ದೆ. ಶೆಡ್ಡನ್ನು ಬೇರೆ ಕಡೆಗೆ, ಸುದ್ದಗುಂಟೆಪಾಳ್ಯದ ದೊಡ್ಡ ಜಾಗಕ್ಕೆ, ಬದಲಾಯಿಸುವ ಅವಕಾಶ ಎರಡು ಸಲ ಬಂತು. ಗಾಡಿಯನ್ನು ಇಲ್ಲಿ ಬಿಟ್ಟು ಹೋಗುವ ಹಾಗಿಲ್ಲ, ಜೊತೆಗೆ ತೆಗೆದುಕೊಂಡು ಹೋಗುವ ಧೈರ್ಯವೂ ಇಲ್ಲ. ಇಲ್ಲೇ ಉಳಿದೆ.

ನೀನೋ ನನಗೆ ಗಿರಾಕಿಗಳನ್ನು ಕಳಿಸುತ್ತಲೇ ಇದ್ದೆ. ಟೂ-ಸ್ಟ್ರೋಕ್ ಗಾಡಿಗಳು ಶೋರೂಮಿನಿಂದ ಮಾಯವಾಗಿ, ಹಳೆಯವಕ್ಕೆ ಬೆಲೆ ಬಂದ ಮೇಲೆ ಇನ್ನೂ ಹೆಚ್ಚು ಜನ ಬಂದರು. ಬಂದವರಿಗೆಲ್ಲ ನೀನು ಹೇಳಿ ಕಳಿಸುತ್ತಿದ್ದ ಮಾತು ಒಂದೇ: ‘ಚಂದ್ರು ಕೆಲಸ ಅಂದ್ರೆ ಕಣ್ಮುಚ್ಕೊಂಡು ಬಿಡ್ಬೋದು. ನಮ್ ಗಾಡೀಲೂ ಅವನ್ದೆಲ್ಲಾ ಸರಿಯಾಗೇ ಇತ್ತು, ಎಣ್ಣೇಲಿ ನಾನೇ ಎಡವಿದ್ದು.’ ಅವರು ಅದನ್ನು ನನ್ನೆದುರು ಹೇಳಿದಾಗ ನಾನು ಕೆಳಗೆ ಬಗ್ಗಿ ಏನನ್ನಾದರೂ ಬಿಗಿ ಮಾಡುತ್ತಿದ್ದೆ. ಬಿಗಿ ಇದ್ದುದನ್ನೇ ಬಿಗಿ ಮಾಡುತ್ತಿದ್ದೆ.

ಕೊನೆಗೆ ಬಂದವರು ಜೆ.ಪಿ. ನಗರದ ಹಲ್ಲಿನ ಡಾಕ್ಟರು. ತೀರಿಕೊಂಡ ತಂದೆಯ ಹಳೆಯ ಟೂ-ಸ್ಟ್ರೋಕನ್ನು ತಾವೇ ಓಡಿಸುವ ಹೆಣ್ಣುಮಗಳು. ಹೋದ ತಿಂಗಳು ನೀನೂ ಶೆಡ್ಡಿನಲ್ಲಿದ್ದಾಗ ಅವರು ಟಾರ್ಪಾಲು ಎತ್ತಿ ನೋಡಿದರು, ಕಥೆ ಕೇಳಿದರು. ನೀನು ಎಂದಿನಂತೆ ಹೇಳಿದೆ — ಎಣ್ಣೆ ಕಡಿಮೆ, ಎಡಗಡೆ ಹಿಡಿಯಿತು. ಅವರು ಹುಬ್ಬು ಗಂಟಿಕ್ಕಿ, ಹೋಗುವ ಅವಸರದಲ್ಲೇ ಕೇಳಿದರು, ‘ಒಂದೇ ಕಡೆನಾ ಸಾರ್? ಎಣ್ಣೆ ಕಮ್ಮಿಯಾದ್ರೆ ಎರಡೂ ಹೋಗ್ಬೇಕಲ್ವಾ, ಇರೋದು ಒಂದೇ ಟ್ಯಾಂಕು ತಾನೆ?’ ಅಷ್ಟು ಕೇಳಿ ಅವರು ಹೊರಟುಹೋದರು. ನಾನು ಹನ್ನೊಂದು ವರ್ಷ ಕಾದಿದ್ದ ಪ್ರಶ್ನೆ ಅದು.

ಮೂರನೆಯ ದಿನ ಬೆಳಿಗ್ಗೆ ನೀನು ಬಂದೆ. ನಿನ್ನ ಮುಖ ನೋಡಿ ನನಗೆ ಭಯವಾಯಿತು, ಅಷ್ಟು ಗೆಲುವಾಗಿತ್ತು. ‘ಆ ಡಾಕ್ಟರ್ ಮಾತು ತಲೇಲೇ ಕೂತ್ಬಿಟ್ಟಿದೆ ಕಣೋ. ಒಂದೇ ಟ್ಯಾಂಕು, ಹೌದಲ್ವಾ? ಜೆಟ್ಟಿಗೆ ಕಸ ಗಿಸ ಸಿಕ್ಕಿತ್ತೇನೋ. ಬಿಚ್ಚೋಣ ಇವತ್ತು.’ ನಿನಗೆ ನನ್ನ ಮೇಲೆ ಎಳ್ಳಷ್ಟೂ ಅನುಮಾನವಿರಲಿಲ್ಲ. ತಪ್ಪು ಯಾರದ್ದೂ ಆಗದೆ ಒಂದು ಕಸದ್ದಾಗಲಿ ಎಂಬ ಆಸೆ, ಅಷ್ಟೇ. ‘ಹಂಗೇನಾದ್ರೂ ಇದ್ರೆ,’ ಎಂದು ನಿಲ್ಲಿಸಿ, ‘ಸುಧಾಗೆ ಹೇಳ್ಬೇಕು’ ಎಂದೆ.

ಟಾರ್ಪಾಲು ತೆಗೆದು, ಎಡಗಡೆಯ ಕಾರ್ಬೊರೇಟರ್ ಬಿಚ್ಚಿದೆ. ಒಳಗೆ ಪೆಟ್ರೋಲು ಒಣಗಿ ಅಂಟಾಗಿತ್ತು. ಜೆಟ್ ತೆಗೆದು, ತೊಳೆದು, ಬೆಳಕಿಗೆ ಹಿಡಿದೆವು. ಕಸವಿರಲಿಲ್ಲ, ತೂತು ಸ್ವಚ್ಛವಾಗಿತ್ತು. ನೀನು ಅದನ್ನು ಅಂಗೈಯಲ್ಲಿಟ್ಟುಕೊಂಡು ಹತ್ತಿರ ತಂದೆ, ದೂರ ಹಿಡಿದೆ, ಮತ್ತೆ ಹತ್ತಿರ ತಂದೆ. ಆಮೇಲೆ ನನ್ನ ಕೈಗೆ ಕೊಟ್ಟೆ. ‘ಕನ್ನಡ್ಕ ತಂದಿಲ್ಲ. ನಂಬರ್ ಎಷ್ಟಿದೆ, ಓದು.’

ನಾನು ಕಿಟಕಿಯ ಕಡೆ ತಿರುಗಿದೆ. ನೂರ ಎಂಬತ್ತು ಎಂದು ಸ್ಪಷ್ಟವಾಗಿತ್ತು.

‘ನೂರ ತೊಂಬತ್ತು’ ಎಂದೆ.

ವಾದಿ, ಆಗ ಇನ್ನೂ ಒಂದು ದಾರಿಯಿತ್ತು. ಸಣ್ಣ ಕಸ ಸಿಕ್ಕಿತ್ತು, ಈಗ ತೊಳೆದಾಗ ಹೋಯಿತು ಎಂದು ಸುಳ್ಳಾದರೂ ಹೇಳಬಹುದಿತ್ತು. ನೀನು ಕುಣಿದಾಡುತ್ತಿದ್ದೆ, ನಾನೂ ಸಿಕ್ಕಿಬೀಳುತ್ತಿರಲಿಲ್ಲ. ಅದನ್ನೂ ಹೇಳಲಿಲ್ಲ, ಯಾಕೆಂದರೆ ಜೆಟ್ಟಿನಲ್ಲಿ ಕಸ ಎಂದರೆ ಅದೂ ಮೆಕ್ಯಾನಿಕ್ಕಿನ ಲೆಕ್ಕಕ್ಕೇ ಬರುತ್ತದೆ. ಅಷ್ಟನ್ನೂ ಬಿಟ್ಟುಕೊಡಲಿಲ್ಲ ನಾನು. ಮದ್ರಾಸಿನ ಶಾಮಿಯಾನದ ಕೆಳಗೆ ನಿಂತಿದ್ದವನೇ ಇನ್ನೂ ನನ್ನೊಳಗೆ ನಿಂತಿದ್ದಾನೆ, ಹೆಬ್ಬೆಟ್ಟು ಎತ್ತಿಕೊಂಡು.

ನೀನು ಸ್ಟೂಲಿನ ಮೇಲೆ ಕೂತೆ. ನಿನ್ನ ಮುಖದ ಗೆಲುವು ಇಳಿದುಹೋದದ್ದನ್ನು ನಾನು ಕೊನೆಯವರೆಗೂ ನೋಡಿದೆ. ‘ಸರಿಯಾಗೇ ಇದೆ ಹಾಗಾದ್ರೆ. ನಂದೇ ಅದು, ಬಿಡು’ ಎಂದೆ ನೀನು. ಆಮೇಲೆ, ‘ಹೆಂಗೂ ಬಿಚ್ಚಿದ್ದಾಯ್ತಲ್ಲ, ರೆಡಿ ಮಾಡ್ಬಿಡು. ಒಂದ್ಸಲ ಸೌಂಡ್ ಕೇಳ್ಬೇಕು. ಸ್ಟಾರ್ಟ್ ಮಾಡೋ ದಿನ ಎಣ್ಣೆ ಮಾತ್ರ ನೀನೇ ಬೆರೆಸು, ನಾನ್ ಮುಟ್ಟಲ್ಲ’ ಎಂದೆ. ಗೋಡೆ ಹಿಡಿದುಕೊಂಡು ಎದ್ದು, ಕುಂಟುತ್ತ ಹೊರಟುಹೋದೆ. ಹೋಗುವಾಗ ನೀನೇ, ‘ಕಾಫಿ ಕುಡಿಯೋಣ್ವಾ?’ ಎಂದು ಕೇಳಿದೆ. ಕೆಲಸವಿದೆ ಎಂದೆ ನಾನು.

ಗಾಡಿ ಈಗ ತಯಾರಾಗಿದೆ. ಸಿಲಿಂಡರು ಕೊರೆಸಿ ಹೊಸ ಪಿಸ್ಟನ್ನು ಹಾಕಿದ್ದೇನೆ. ಕಾರ್ಬೊರೇಟರುಗಳಲ್ಲಿ ಬೆಂಗಳೂರಿಗೆ ತಕ್ಕ ಹೊಸ ಜೆಟ್ಟುಗಳಿವೆ, ಎರಡರ ಅಂಕಿಯನ್ನೂ ಡಾಕ್ಟರಿಗೆ ತೋರಿಸಿ ಕೂಡಿಸಿದ್ದೇನೆ. ಇನ್ನು ಮೇಲೆ ನನ್ನ ಕೆಲಸವನ್ನು ಇನ್ನೊಬ್ಬರು ನೋಡದೆ ಮುಚ್ಚುವುದಿಲ್ಲ. ಟ್ಯಾಂಕು ಖಾಲಿ ಇದೆ. ಭಾನುವಾರ ಸ್ಟಾರ್ಟ್ ಮಾಡೋಣ, ಅದಕ್ಕೆ ಎಣ್ಣೆ ಬೆರೆಸಬೇಕಾದವನು ನೀನು. ಆ ಹೊತ್ತಿಗೆ ನಾನು ಶೆಡ್ಡಿನಲ್ಲಿ ಇರಬೇಕೋ ಬೇಡವೋ ಎಂಬುದೂ ನಿನಗೆ ಬಿಟ್ಟದ್ದು. ಶೆಡ್ಡಿನ ಕೀಲಿ ಈ ಕಾಗದದ ಜೊತೆಗಿದೆ.

ನಿನ್ನ ಮಂಡಿಯನ್ನು ನಾನು ಸರಿಮಾಡಿ ಕೊಡಲಾರೆ. ನೀನು ಹಿಂದಿನ ಕೋಣೆಯಲ್ಲಿ ಕಳೆದ ವರ್ಷಗಳನ್ನೂ ಕೊಡಲಾರೆ. ಕ್ಷಮಿಸು ಎಂದು ಬರೆದು, ಎರಡು ಸಲ ಹೊಡೆದುಹಾಕಿದ್ದೇನೆ. ಅದನ್ನು ಕೇಳಿದರೆ ನಿನ್ನ ಮೇಲೆ ಇನ್ನೊಂದು ಕೆಲಸ ಹೊರಿಸಿದ ಹಾಗೆ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಅಂಗಡಿಗೆ ಬರುತ್ತೇನೆ. ಇದನ್ನು ಯಾರ ಕೈಯಲ್ಲೂ ಕಳಿಸುವುದಿಲ್ಲ. ನೀನು ಓದಿ ಮುಗಿಸುವವರೆಗೆ ಕೌಂಟರಿನ ಮುಂದೆ ನಿಂತಿರುತ್ತೇನೆ, ಗಿರಾಕಿಗಳು ಇದ್ದರೂ ಸರಿ, ಅವರೆದುರಿಗೇ.

ನಿಮ್ಮ ಅಂಗಡಿಯದೇ ಮಾತ್ರೆಯ ಕವರಿನಲ್ಲಿ ಎರಡು ಜೆಟ್ ಹಾಕಿದ್ದೇನೆ. ಒಂದು ಅವತ್ತು ನನ್ನ ಜೇಬಿನಲ್ಲಿದ್ದದ್ದು. ಇನ್ನೊಂದು ನಿನ್ನ ಗಾಡಿಯ ಎಡಗಡೆಯದು. ಅಂಕಿ ಬಹಳ ಸಣ್ಣದು. ನನ್ನ ಕೈಗೆ ಕೊಡಬೇಡ, ಸುಧಾ ಓದಲಿ.